ಖಜಾಂಚಿಗೆ ನಿಲ್ಲಲಾ, ಎಕ್ಸಾಂ ಬರೀಲಾ, ಬೆಂಗಳೂರಿಗೆ ಹೋಗ್ಲಾ? ಒಂಬತ್ತು ವರ್ಷ ಪ್ರಾಕ್ಟೀಸ್ ಮಾಡಿದ ವಕೀಲೆಯ ಪ್ರಶ್ನೆ

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 36, ಸನ್ನದು (ವಕೀಲಿಕೆಯ ಪರವಾನಗಿ) ತಗೊಂಡು ಒಂಬತ್ತು ವರ್ಷ ಆಯ್ತು. ಮೊದಲಿಂದ ಒಬ್ಬರೇ ಸೀನಿಯರ್ ಹತ್ರ ಇದೀನಿ, ಆಫೀಸಿನ ಡ್ರಾಫ್ಟಿಂಗ್ ಮುಕ್ಕಾಲು ಪಾಲು ನಂದೇ, ಆದ್ರೆ ನನ್ನ ಪಾಲಿಗೆ ಅಂತ ಬರೋದು ಜೀವನಾಂಶ, ಡೈವೋರ್ಸ್ ಇಷ್ಟೇ. ಈಗ ನಮ್ಮ ವಕೀಲರ ಸಂಘದಲ್ಲಿ ಖಜಾಂಚಿ ಸ್ಥಾನ ಮಹಿಳೆಗೆ ಅಂತ ಆಗಿದೆ, ನೀವು ನಿಲ್ಲಿ ಅಂತ ಕೆಲವರು ಬಲವಂತ ಮಾಡ್ತಿದಾರೆ. ಯಜಮಾನ್ರು ಜಡ್ಜ್ ಎಕ್ಸಾಂ ಬರಿ ಅಂತಾರೆ, ಗೆಳತಿ ಬೆಂಗಳೂರಿಗೆ ಬಂದುಬಿಡು ಅಂತಾಳೆ. ನಾಲ್ಕು ವರ್ಷದ ಮಗು ಇದೆ. ಯಾವ ದಾರಿ ಹಿಡೀಲಿ?

ಉತ್ತರ: ನಿಲ್ಲಿ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮ ಪತ್ರ ಓದಿದಾಗ ನಿಮಗೆ ಮನಸ್ಸಿದೆ, ಆದ್ರೆ ಯಾರಾದ್ರೂ ದೊಡ್ಡವರು ಹೂಂ ಅನ್ನಲಿ ಅಂತ ಕಾಯ್ತಿದೀರ ಅನ್ನಿಸ್ತು. ಆದ್ರೆ ಖಜಾಂಚಿ ಆಗೋದಕ್ಕಿಂತ ದೊಡ್ಡ ವಿಷಯ ಒಂದು ನಿಮ್ಮ ಪತ್ರದಲ್ಲೇ ಇದೆ, ನೀವು ಒಂದೇ ಸಾಲಲ್ಲಿ ದಾಟಿ ಹೋಗಿದೀರ. ಡ್ರಾಫ್ಟಿಂಗ್ ಮುಕ್ಕಾಲು ಪಾಲು ನಿಮ್ಮದು, ಹೆಸರು ನಿಮ್ಮದಲ್ಲ. ಈ ಒಂದು ವಿಷಯ ಸರಿ ಆಗದೆ ನೀವು ಖಜಾಂಚಿ ಆದ್ರೂ, ಬೆಂಗಳೂರಿಗೆ ಹೋದ್ರೂ, ಇನ್ನು ಹತ್ತು ವರ್ಷ ಕಳೆದ ಮೇಲೂ ಇದೇ ಪ್ರಶ್ನೆ ಕೇಳ್ತಾ ಇರ್ತೀರ.

ಇದು ನಿಮ್ಮೊಬ್ಬರ ಕಥೆ ಅಲ್ಲ, ಅಂಕಿ ನೋಡಿ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೊರಗೆ ತಂದ ನ್ಯಾಯಾಂಗದ ಸ್ಥಿತಿಗತಿ ವರದಿ ಪ್ರಕಾರ ಜಿಲ್ಲಾ ನ್ಯಾಯಾಂಗದಲ್ಲಿ ಮಹಿಳಾ ಜಡ್ಜ್‌ಗಳು ಶೇಕಡ 36.3, ಹೈಕೋರ್ಟ್‌ಗಳಲ್ಲಿ 13.4, ಸುಪ್ರೀಂ ಕೋರ್ಟಲ್ಲಿ 9.3. ಅದೇ ದೇಶ, ಅದೇ ಲಾ ಕಾಲೇಜು, ಅದೇ ಹೆಣ್ಣುಮಕ್ಕಳು. ಪರೀಕ್ಷೆ ಇಟ್ಟ ಕಡೆ ಬಂದಿದಾರೆ, ಯಾರೋ ಹೆಸರು ಸೂಚಿಸಬೇಕಾದ ಕಡೆ ಬಂದಿಲ್ಲ. ನಾನು ವಕೀಲರ ಬಳಗದಲ್ಲಿ ಕಂಡಿದ್ದೂ ಇದೇ, ಯಾರನ್ನ ಮುಂದೆ ತರೋಣ ಅಂತ ನಾಲ್ಕು ಜನ ಕೂತು ಮಾತಾಡುವಾಗ ಆ ನಾಲ್ಕು ಜನರ ನೆನಪಿಗೆ ಬರೋದು ಕೋರ್ಟಲ್ಲಿ ಎದ್ದು ನಿಂತು ವಾದ ಮಾಡೋದನ್ನ ತಾವು ಕಣ್ಣಾರೆ ಕಂಡವರ ಹೆಸರು. ಚೇಂಬರಲ್ಲಿ ರಾತ್ರಿ ಕೂತು ಪ್ಲೇಂಟ್ (ದಾವೆಯ ಅರ್ಜಿ) ಬರೆದವರ ಹೆಸರು ಯಾರಿಗೂ ಗೊತ್ತಿರಲ್ಲ, ಅವರು ಎಷ್ಟೇ ಬುದ್ಧಿವಂತರಾಗಿದ್ರೂ. ಹಿರಿಯ ವಕೀಲರ ಪದನಾಮದ ಕಥೆ, ಅಂದ್ರೆ ಕೋರ್ಟೇ ಕೊಡೋ 'ಸೀನಿಯರ್ ಅಡ್ವೊಕೇಟ್' ಅನ್ನೋ ಗೌರವದ್ದು, ಇನ್ನೂ ಕಷ್ಟದ್ದು. ಸುಪ್ರೀಂ ಕೋರ್ಟ್ ಲೀಲಾ ಸೇಠ್ ಅವರನ್ನ ಸೀನಿಯರ್ ಅಂತ ಮಾಡಿದ್ದು 1977ರಲ್ಲಿ, ಎರಡನೇ ಮಹಿಳೆ ಇಂದು ಮಲ್ಹೋತ್ರಾ, 2007ರಲ್ಲಿ. ನಡುವೆ 30 ವರ್ಷ! ಆ 30 ವರ್ಷ ದೆಹಲೀಲಿ ಯೋಗ್ಯ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ ಅಂದ್ರೆ ನಾನಂತೂ ನಂಬಲ್ಲ. 2024ರ ಜನವರಿಯಲ್ಲಿ ಒಂದೇ ಸಲಕ್ಕೆ 56 ಜನರಲ್ಲಿ 11 ಮಹಿಳೆಯರಿಗೆ ಕೊಟ್ರು, ಅಂದ್ರೆ ಗಾಳಿ ಸ್ವಲ್ಪ ತಿರುಗಿದೆ.

ಈಗ ನೀವು ಮಾಡಬೇಕಾದ ಮೊದಲ ಕೆಲಸ, ಇವತ್ತು ರಾತ್ರೀನೇ ಮಾಡಿ. ಇ-ಕೋರ್ಟ್ಸ್ ಆ್ಯಪ್ ತೆಗೆದು ಅಡ್ವೊಕೇಟ್ ಹೆಸರಿನ ಕೆಳಗೆ ನಿಮ್ಮ ಹೆಸರು ಹಾಕಿ ಹುಡುಕಿ. ಎಷ್ಟು ಕೇಸ್ ಬರತ್ತೆ, ಅದ್ರಲ್ಲಿ ಓಎಸ್ (ಸಿವಿಲ್ ದಾವೆ) ಎಷ್ಟು, ಅಪೀಲ್ ಎಷ್ಟು, ಸೆಷನ್ಸ್ ಕೇಸ್ ಎಷ್ಟು ಅಂತ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಪಕ್ಕದಲ್ಲಿ ಈ ವರ್ಷ ನೀವು ಡ್ರಾಫ್ಟ್ ಮಾಡಿದ ಕೇಸ್‌ಗಳನ್ನ ಬರೀರಿ. ಎರಡರ ನಡುವೆ ಇರೋ ಅಂತರವೇ ನಿಮ್ಮ ಸಮಸ್ಯೆ, ಆ ಅಂತರಕ್ಕೆ ಯಾವ ಮೀಸಲಾತಿಯಲ್ಲೂ ಔಷಧಿ ಇಲ್ಲ, ಅದನ್ನ ನೀವೇ ಬಾಯಿಬಿಟ್ಟು ಕೇಳಬೇಕು.

ಸೀನಿಯರ್ ಹತ್ರ ಹೇಗೆ ಕೇಳೋದು ಅಂತ ನಿಮಗೆ ಮುಜುಗರ ಇರತ್ತೆ, ಒಂಬತ್ತು ವರ್ಷ ಅವರ ಅನ್ನ ತಿಂದಿದೀನಿ ಅನ್ನೋ ಭಾವನೆ ಬೇರೆ. ಆದ್ರೆ ಅವರು ನಿಮ್ಮ ಕೆಲಸವನ್ನೂ ತಿಂದಿದಾರೆ, ಅದನ್ನೂ ಮರೀಬೇಡಿ. ಜಗಳ ಆಡೋದು ಬೇಡ, ದೊಡ್ಡ ಭಾಷಣಾನೂ ಬೇಡ. "ಸರ್, ಇನ್ಮೇಲೆ ನಾನು ಡ್ರಾಫ್ಟ್ ಮಾಡಿದ ಕೇಸ್‌ಗಳ ವಕಾಲತ್ತಲ್ಲಿ ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಇರ್ಲಿ, ಈ ಆಸ್ತಿ ಪಾಲು ಕೇಸಲ್ಲಿ ಮೂರನೇ ಸಾಕ್ಷಿಯ ಕ್ರಾಸ್ (ಪಾಟೀ ಸವಾಲು) ನಾನು ಮಾಡ್ತೀನಿ, ಪ್ರಶ್ನೆ ಬರೆದು ಮೊದಲು ನಿಮಗೆ ತೋರಿಸ್ತೀನಿ" ಅಂತ ಇಷ್ಟೇ ಕೇಳಿ (ವಕಾಲತ್ತು ಅಂದ್ರೆ ಕಕ್ಷಿದಾರರು ವಕೀಲರನ್ನ ನೇಮಿಸೋ ಪತ್ರ). ಒಂದು ನಿರ್ದಿಷ್ಟ ಕೇಸು, ಒಂದು ನಿರ್ದಿಷ್ಟ ಸಾಕ್ಷಿ. "ನನಗೂ ಅವಕಾಶ ಕೊಡಿ ಸರ್" ಅಂದ್ರೆ "ಆಯ್ತಮ್ಮ ನೋಡೋಣ" ಅಂತಾರೆ, ಅದು ಅಲ್ಲಿಗೇ ಮುಗಿಯತ್ತೆ. ಒಳ್ಳೆ ಸೀನಿಯರ್ ಆದ್ರೆ ಖುಷಿಯಿಂದಲೇ ಕೊಡ್ತಾರೆ, ಎಷ್ಟೋ ಜನಕ್ಕೆ ಇದು ಹೊಳೆದೇ ಇರಲ್ಲ, ಹುಡುಗಿ ಸುಮ್ಮನೆ ಚೆನ್ನಾಗಿ ಕೆಲಸ ಮಾಡ್ಕೊಂಡಿದಾಳೆ ಅಂತ ಅಂದ್ಕೊಂಡಿರ್ತಾರೆ. ಆರು ತಿಂಗಳು ಕೇಳಿದ ಮೇಲೂ ಕೊಡಲಿಲ್ಲ ಅಂದ್ರೆ ಆಗ ನಿಮ್ಮದೇ ಆಫೀಸ್ ತೆಗೆಯೋ ಸಮಯ ಬಂತು ಅಂತ ತಿಳ್ಕೊಳ್ಳಿ, ದೊಡ್ಡ ಆಫೀಸ್ ಏನೂ ಬೇಡ, ಇಬ್ಬರು ಹೆಣ್ಣುಮಕ್ಕಳು ಸೇರಿ ಒಂದು ರೂಮ್ ಬಾಡಿಗೆಗೆ ತಗೊಂಡ್ರೂ ಸಾಕು.

ಫ್ಯಾಮಿಲಿ ಕೇಸ್ ಬಗ್ಗೆ ನೀವು ಸ್ವಲ್ಪ ಬೇಜಾರಲ್ಲಿ ಬರೆದಿದೀರ. ನಾನು ಪ್ರಾಕ್ಟೀಸ್ ಶುರು ಮಾಡಿದಾಗ್ಲೂ ಹಿಂಗೇ, ಹೆಣ್ಣುಮಗಳು ಕಕ್ಷಿದಾರಳಾಗಿ ಬಂದ್ರೆ "ಆ ಮೇಡಂ ಹತ್ರ ಹೋಗಮ್ಮ" ಅಂತ ಕಳಿಸೋರು, ಜಮೀನಿನ ಕೇಸ್ ಬಂದ್ರೆ ಬಾಗಿಲು ಹಾಕ್ಕೊಂಡು ಅವರೇ ಮಾತಾಡೋರು. ಆದ್ರೆ ಒಂದು ವಿಷಯ ನೋಡಿ, ಆ ಎರಡೂ ಕೇಸ್‌ಗಳ ಹಿಂದೆ ಇರೋದು ಬಹಳ ಸಲ ಒಂದೇ ಹೆಣ್ಣುಮಗಳು. ನಿಮ್ಮ ಹತ್ರ ಜೀವನಾಂಶಕ್ಕೆ ಬಂದವಳಿಗೆ ತವರಲ್ಲಿ ಜಮೀನಿದೆಯಾ, ಅಪ್ಪ ಇದಾರಾ, ಅಣ್ಣಂದಿರು ಏನಾದ್ರೂ ಪತ್ರಕ್ಕೆ ಸಹಿ ಹಾಕಿಸ್ಕೊಂಡಿದಾರಾ, ಪಹಣೀಲಿ ಯಾರ ಹೆಸರಿದೆ ಅಂತ ನೀವು ಕೇಳ್ತೀರಾ? ಕೇಳಿ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿದ್ರು, ಆ ತಿದ್ದುಪಡಿ ಬರೋಕೆ ಮುಂಚೆ ಮದುವೆ ಆಗಿರದವರಿಗೆ ಮಾತ್ರ ಅನ್ನೋ ಷರತ್ತಿನ ಮೇಲೆ, ಕೇಂದ್ರದ ತಿದ್ದುಪಡಿ 2005ರಲ್ಲಿ ಬಂದು ಆ ಷರತ್ತು ಹೋಯ್ತು, 2020ರ ವಿನೀತಾ ಶರ್ಮಾ ತೀರ್ಪಲ್ಲಿ ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ರೂ ಮಗಳ ಹಕ್ಕು ಹೋಗಲ್ಲ ಅಂತ ಆಯ್ತು. ಜಿಲ್ಲಾ ಕೋರ್ಟಲ್ಲಿ ವಕೀಲರಿಗೆ ನಿಜವಾದ ಹೆಸರು ತರೋದು ಪಾಲು ಕೇಸ್‌ಗಳು, ಅಲ್ಲಿ ವಂಶವೃಕ್ಷ, ಮ್ಯುಟೇಶನ್, ಹಳೇ ಕ್ರಯಪತ್ರ, ವಿಲ್, ಸಾಕ್ಷಿ, ಕ್ರಾಸ್, ಫೈನಲ್ ಡಿಕ್ರಿ ತನಕ ಎಲ್ಲಾ ಬರತ್ತೆ, ಅಪೀಲೂ ಬರತ್ತೆ. ನಿಮ್ಮನ್ನ ಒಂದು ಮೂಲೇಲಿ ಕೂರಿಸಿದ ಅದೇ ಕಕ್ಷಿದಾರರೇ ನಿಮ್ಮನ್ನ ಸಿವಿಲ್ ಸೈಡಿಗೆ ಕರ್ಕೊಂಡು ಹೋಗ್ತಾರೆ, ನೀವು ಎರಡು ಪ್ರಶ್ನೆ ಹೆಚ್ಚು ಕೇಳ್ಬೇಕು ಅಷ್ಟೇ. ಹಾಗೇ ಡಿವಿ (ಕೌಟುಂಬಿಕ ದೌರ್ಜನ್ಯ) ಕೇಸಿಂದ ಕ್ರಿಮಿನಲ್ ಸೈಡು, ಗಂಡ ಕೊಟ್ಟ ಚೆಕ್ ಬೌನ್ಸ್ ಆದ್ರೆ ಸೆಕ್ಷನ್ 138ರ ಚೆಕ್ ಕೇಸು. ಫ್ಯಾಮಿಲಿ ಕೇಸ್ ಮಾಡೋರು ಕಡಿಮೆ ವಕೀಲರಲ್ಲ, ಅಷ್ಟು ತಾಳ್ಮೆ ಬೇಡೋ ಕೆಲಸ ಬೇರೆ ಇಲ್ಲ, ಆದ್ರೆ ಅದು ನಿಮ್ಮ ಆಯ್ಕೆ ಆಗಿರ್ಬೇಕು, ಬೇರೆಯವರು ಹಾಕಿದ ಗೆರೆ ಆಗ್ಬಾರದು.

ಇನ್ನು ವರ್ಷದ ಲೆಕ್ಕ. ಒಂಬತ್ತು ವರ್ಷ ಅಂದ್ರೆ ಏನೂ ಆಗಿಲ್ಲ ಅನ್ನೋ ಧಾಟೀಲಿ ಬರೆದಿದೀರ, ಆದ್ರೆ 7 ವರ್ಷ ದಾಟಿದ ತಕ್ಷಣ ತೆರೆದಿರೋ ಬಾಗಿಲುಗಳು ಎಷ್ಟಿವೆ ಅಂತ ಬಹಳ ಜನ ಹೆಣ್ಣುಮಕ್ಕಳಿಗೆ ಯಾರೂ ಹೇಳೇ ಇರಲ್ಲ. ನೋಟರಿ ಆಗೋಕೆ ಸಾಮಾನ್ಯವಾಗಿ 10 ವರ್ಷ ಪ್ರಾಕ್ಟೀಸ್ ಬೇಕು, ಮಹಿಳೆಯರಿಗೆ 7 ಸಾಕು, ನೋಟರಿ ನಿಯಮದಲ್ಲೇ ಇದೆ, ಮತ್ತೆ ನೋಟರಿ ಆದ್ರೂ ಪ್ರಾಕ್ಟೀಸ್ ಬಿಡಬೇಕಾಗಿಲ್ಲ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 18ನೇ ಸೆಕ್ಷನ್ ಪ್ರಕಾರ ಪಬ್ಲಿಕ್ ಪ್ರಾಸಿಕ್ಯೂಟರ್, ಅಂದ್ರೆ ಕ್ರಿಮಿನಲ್ ಕೇಸಿನ ಸರ್ಕಾರಿ ವಕೀಲೆ, ಆಗೋಕೆ 7 ವರ್ಷ. ಸಂವಿಧಾನದ 233ನೇ ವಿಧಿ ಪ್ರಕಾರ ನೇರ ಜಿಲ್ಲಾ ನ್ಯಾಯಾಧೀಶರ ನೇಮಕಾತಿಗೂ ವಕೀಲರಿಗೆ 7 ವರ್ಷ. ಹೈಕೋರ್ಟ್ ಜಡ್ಜ್‌ಗೆ 217ನೇ ವಿಧಿ ಹೇಳೋದು ಹೈಕೋರ್ಟಲ್ಲಿ 10 ವರ್ಷದ ವಕೀಲಿಕೆ.

ಯಜಮಾನ್ರು ಯಾವ ಎಕ್ಸಾಂ ಹೇಳ್ತಿದಾರೆ ಅಂತ ನೀವು ಬರೆದಿಲ್ಲ. ಸಿವಿಲ್ ಜಡ್ಜ್ ಆದ್ರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಂದ 3 ವರ್ಷದ ಪ್ರಾಕ್ಟೀಸ್ ಷರತ್ತು ನಿಮಗೆ ಸಮಸ್ಯೇನೇ ಅಲ್ಲ, ಆದ್ರೆ 36ಕ್ಕೆ ವಯೋಮಿತಿ ಒಂದು ಪ್ರಶ್ನೆ, ನಿಮ್ಮ ವರ್ಗಕ್ಕೆ ಎಷ್ಟಿದೆ ಅಂತ ನೋಟಿಫಿಕೇಶನ್ ನೋಡ್ಕೊಳ್ಳಿ. ನನ್ನ ಕೇಳಿದ್ರೆ ಜಿಲ್ಲಾ ನ್ಯಾಯಾಧೀಶರ ಪರೀಕ್ಷೆ ಕಡೆ ನೋಡಿ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈಗಾಗ್ಲೇ ಸರ್ವಿಸಲ್ಲಿ ಇರೋ ಜಡ್ಜ್‌ಗಳೂ ಈ ನೇರ ನೇಮಕಾತಿಗೆ ಬರಬಹುದು ಅಂತ ಹೇಳಿದೆ, ಹಾಗಾಗಿ ಪೈಪೋಟಿ ಜಾಸ್ತಿ ಆಗತ್ತೆ, ಸುಮ್ಮನೆ ಒಂದು ಕೈ ನೋಡೋಣ ಅಂತ ಬರೆಯೋ ಪರೀಕ್ಷೆ ಅಲ್ಲ. ನಮ್ಮ ಕಡೆಯ ಒಂದು ಉದಾಹರಣೆ ಹೇಳ್ತೀನಿ, ಜಸ್ಟಿಸ್ ಮಂಜುಳಾ ಚೆಲ್ಲೂರ್ ಬಳ್ಳಾರಿಯ ಮೊದಲ ಮಹಿಳಾ ವಕೀಲರು, 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದ್ರು, 2000ದಲ್ಲಿ ಕರ್ನಾಟಕ ಹೈಕೋರ್ಟಿಗೆ, ಆಮೇಲೆ ಕೇರಳ, ಕಲ್ಕತ್ತಾ, ಬಾಂಬೆ ಮೂರೂ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿ. ಬಳ್ಳಾರಿ ಕೋರ್ಟಿಂದ ಹೊರಟ ದಾರಿ ಅದು.

ಗಮನಿಸಿ, ಪರೀಕ್ಷೆ ಬರೆದ್ರೂ ಕೆಲಸಕ್ಕೆ ಬರೋದು ಅದೇ ಕ್ರಾಸ್, ಅದೇ ಜಡ್ಜ್‌ಮೆಂಟ್ ಓದಿದ ಅಭ್ಯಾಸ. ಪಬ್ಲಿಕ್ ಪ್ರಾಸಿಕ್ಯೂಟರ್ ಆಗ್ಬೇಕು ಅಂದ್ರೆ ಸೆಷನ್ಸ್ ಟ್ರಯಲ್ ಮಾಡಿರ್ಬೇಕು. ಅದಕ್ಕೆ ಒಳ್ಳೆ ದಾರಿ ಉಚಿತ ಕಾನೂನು ನೆರವು ಕೊಡೋ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪ್ಯಾನೆಲ್. ಲೀಗಲ್ ಏಡ್ ಕೇಸ್ ಅಂದ್ರೆ ಮೂಗು ಮುರಿಯೋರಿದಾರೆ, ದುಡ್ಡು ಕಡಿಮೆ, ಬಿಲ್ ತಡ, ಎಲ್ಲಾ ನಿಜ, ಆದ್ರೆ ಸೀನಿಯರ್ ಹತ್ರ ಹತ್ತು ವರ್ಷ ಇದ್ರೂ ಕೈಗೆ ಬರದ ಪೂರ್ತಿ ಟ್ರಯಲ್ ನಿಮ್ಮ ಒಬ್ಬರ ಹೆಸರಲ್ಲಿ ಅಲ್ಲಿ ಸಿಗತ್ತೆ. ಈಗ ಜಿಲ್ಲೆಗಳಲ್ಲಿ ಕ್ರಿಮಿನಲ್ ಕೇಸಿಗೆ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಅಂತ ಬೇರೆ ವ್ಯವಸ್ಥೆ ಬಂದಿದೆ, ಡೆಪ್ಯೂಟಿ ಚೀಫ್‌ಗೆ 7 ವರ್ಷ, ಚೀಫ್‌ಗೆ 10 ವರ್ಷ ಕ್ರಿಮಿನಲ್ ಪ್ರಾಕ್ಟೀಸ್ ಕೇಳ್ತಾರೆ, ಆದ್ರೆ ಅದಕ್ಕೆ ಸೇರಿದ್ರೆ ಖಾಸಗಿ ಪ್ರಾಕ್ಟೀಸ್ ಬಿಡಬೇಕು, ಗುತ್ತಿಗೆ ಮೇಲೆ ಕೆಲಸ. ನಿಮ್ಮ ಈಗಿನ ಹಂತಕ್ಕೆ ಅದು ಬೇಡ, ಪ್ಯಾನೆಲ್ ಸಾಕು.

ಕೋರ್ಟ್ ಕಮಿಷನರ್ ಕೆಲಸಾನೂ ಕೇಳಿ ತಗೊಳ್ಳಿ. ಜಮೀನು ತಕರಾರಲ್ಲಿ ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಿಸುವಾಗ, "ಹೊಲಕ್ಕೆ ಹೋಗ್ಬೇಕು, ಗಲಾಟೆ ಇರತ್ತೆ" ಅಂತ ಮಹಿಳೆಯರ ಹೆಸರು ಬಿಟ್ಟೇಬಿಡ್ತಾರೆ. ಸರ್ವೇಯರ್ ಜೊತೆ ಹೋಗಿ ಬದು, ಬಾಂದುಕಲ್ಲು ನೋಡಿ, ಸ್ಕೆಚ್ ಹಾಕಿ, ವರದಿ ಬರೆದು, ಆಮೇಲೆ ಅದೇ ವರದಿ ಮೇಲೆ ಸಾಕ್ಷಿ ಕಟ್ಟೆ ಹತ್ತಿ ಕ್ರಾಸ್ ಮಾಡಿಸ್ಕೊಂಡ್ರೆ ಜಮೀನಿನ ಕಾನೂನು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗತ್ತೆ. ಪೊಲೀಸ್ ರಕ್ಷಣೆ ಬೇಕಿದ್ರೆ ಕೋರ್ಟಿಗೆ ಹೇಳಿ ತಗೊಂಡು ಹೋಗಿ, ಗಂಡಸರೂ ತಗೊಂಡೇ ಹೋಗ್ತಾರೆ. ಮೀಡಿಯೇಶನ್ 40 ಗಂಟೆ ತರಬೇತಿಗೆ ಕರೆ ಬಂದಾಗ ಹೆಸರು ಕೊಡಿ, ಫ್ಯಾಮಿಲಿ ಕೇಸ್ ಅನುಭವ ಅಲ್ಲಿ ನೇರವಾಗಿ ಕೆಲಸಕ್ಕೆ ಬರತ್ತೆ, 2023ರಲ್ಲಿ ಮೀಡಿಯೇಶನ್‌ಗೆ ಅಂತಲೇ ಕಾಯ್ದೆ ಬಂದ ಮೇಲೆ ಈ ಕೆಲಸ ಬೆಳೆಯೋದೇ ಹೊರತು ಕಡಿಮೆ ಆಗಲ್ಲ. ಹಾಗೇ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕೆಳಗೆ 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಬ್ಯಾಂಕು, ಕಾಲೇಜು, ಆಸ್ಪತ್ರೆ, ಗಾರ್ಮೆಂಟ್ಸ್ ಎಲ್ಲದರಲ್ಲೂ ಆಂತರಿಕ ಸಮಿತಿ ಇರ್ಬೇಕು, ಅದಕ್ಕೆ ಹೊರಗಿನ ಸದಸ್ಯರೊಬ್ಬರು ಬೇಕೇ ಬೇಕು. ಜಿಲ್ಲಾ ಕೇಂದ್ರಗಳಲ್ಲಿ ಈ ಕಾಯ್ದೆ ಓದ್ಕೊಂಡ ವಕೀಲೆಯರು ಬಹಳ ಕಡಿಮೆ, ಒಂದು ಸಮಿತೀಲಿ ಸರಿಯಾಗಿ ವಿಚಾರಣೆ ನಡೆಸಿ ವರದಿ ಬರೆದ್ರೆ ಮುಂದಿನವರು ಹುಡುಕ್ಕೊಂಡು ಬರ್ತಾರೆ.

ಓದಿನ ವಿಷಯಕ್ಕೆ ಬಂದ್ರೆ ನಿಮ್ಮ ತಲೆಮಾರಿಗೆ ಸಿಕ್ಕ ಅವಕಾಶ ನಮಗೆ ಸಿಗಲಿಲ್ಲ. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನು ಬಂದವು, ಮೂವತ್ತು ವರ್ಷ ಸೆಕ್ಷನ್ ನಂಬರ್ ಬಾಯಿಪಾಠ ಇಟ್ಕೊಂಡಿದ್ದ ಹಿರಿಯರೂ ನೀವೂ ಒಂದೇ ಗೆರೆ ಮೇಲೆ ನಿಂತಿದೀರ. ಒಂದು ವಿಷಯ ಹಿಡ್ಕೊಳ್ಳಿ, ಉದಾಹರಣೆಗೆ ಮೊಬೈಲ್, ಕಂಪ್ಯೂಟರ್ ದಾಖಲೆಗಳನ್ನ ಸಾಕ್ಷ್ಯವಾಗಿ ಕೊಡುವಾಗ ಜೊತೆಗೆ ಹಾಕೋ, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟು, ಹಳೇ 65-ಬಿ. ಈಗ ಅದ್ರಲ್ಲಿ ಪಾರ್ಟ್ ಎ, ಪಾರ್ಟ್ ಬಿ ಅಂತ ಎರಡು ಭಾಗ, ಬಿ ಭಾಗಕ್ಕೆ ಪರಿಣತರ ಸಹಿ ಬೇಕು, ಹ್ಯಾಶ್ ವ್ಯಾಲ್ಯೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೀಬೇಕು. ವಾಟ್ಸಾಪ್ ಚಾಟು, ಕಾಲ್ ರೆಕಾರ್ಡಿಂಗು, ಸಿಸಿಟಿವಿ ಇಲ್ಲದ ಕೇಸೇ ಈಗ ಕಡಿಮೆ, ನಿಮ್ಮ ಫ್ಯಾಮಿಲಿ ಕೇಸಲ್ಲಂತೂ ದಿನಾ ಅದೇ. ನಿಮ್ಮ ಕೋರ್ಟಲ್ಲಿ ಈ ಸರ್ಟಿಫಿಕೇಟ್ ತಪ್ಪಿಲ್ಲದೆ ಹಾಕೋಕೆ ಬರೋರು ಯಾರು ಅಂದ್ರೆ ನಿಮ್ಮ ಹೆಸರು ಬರ್ಬೇಕು. ಸಂಘದ ಹಾಲಲ್ಲಿ ಒಂದು ಶನಿವಾರ ಒಂದು ಗಂಟೆ ಅದರ ಬಗ್ಗೆ ಕನ್ನಡದಲ್ಲೇ ಮಾತಾಡಿ, ಮಾದರಿ ಪ್ರತಿ ತೋರಿಸಿ. ಚುನಾವಣೇಲಿ ಮನೆ ಮನೆಗೆ ಹೋಗಿ ಕೈ ಮುಗಿಯೋದಕ್ಕಿಂತ ಇದು ಹೆಚ್ಚು ಮತ ತರತ್ತೆ ಅಂತ ನನ್ನ ಗಟ್ಟಿ ನಂಬಿಕೆ.

ಬೆಂಗಳೂರು? ನಿಮಗೆ ಅಗತ್ಯ ಇಲ್ಲ. ಹೈಕೋರ್ಟ್ ಕೆಲಸ ಬೇಕು ಅಂದ್ರೆ ಹಾವೇರಿಗೆ ಧಾರವಾಡ ಪೀಠ ಇದೆ, 2008ರಲ್ಲಿ ಸಂಚಾರಿ ಪೀಠ ಆಗಿ ಶುರುವಾಗಿ 2013ರಲ್ಲಿ ಕಾಯಂ ಆಯ್ತು, ಬೆಳಿಗ್ಗೆ ಹೋಗಿ ಸಂಜೆ ಮಗು ಹತ್ರ ವಾಪಸ್ ಬರ್ಬಹುದು. ನೀವು ಕೆಳಗಿನ ಕೋರ್ಟಲ್ಲಿ ನಡೆಸಿದ ಪಾಲು ಕೇಸು ಅಪೀಲಿಗೆ ಹೋದಾಗ ಫೈಲ್ ಕಟ್ಟಿ ಧಾರವಾಡದ ವಕೀಲರಿಗೆ ಕೊಟ್ಟು ಕೈ ತೊಳ್ಕೋಬೇಡಿ, ವಕಾಲತ್ತಲ್ಲಿ ನಿಮ್ಮ ಹೆಸರೂ ಸೇರಿಸಿ, ವಾದದ ದಿನ ಹೋಗಿ ಪಕ್ಕದಲ್ಲಿ ನಿಲ್ಲಿ, ಹೀಗೆ ಒಂದೆರಡು ಅಪೀಲು ಆದ ಮೇಲೆ ಅಡ್ಮಿಶನ್ (ಅಪೀಲನ್ನ ವಿಚಾರಣೆಗೆ ತಗೊಳ್ಳೋ ಹಂತ) ವಾದ ನೀವೇ ಮಾಡಿ. ವಿಡಿಯೋ ಕಾನ್ಫರೆನ್ಸ್ ಇದೆ, ನಮ್ಮ ಹೈಕೋರ್ಟ್ ಕಲಾಪ ಯೂಟ್ಯೂಬಲ್ಲಿ ಲೈವ್ ಬರತ್ತೆ, ಮಗು ಮಲಗಿದಾಗ ಆರ್‌ಎಸ್‌ಎ (ಹೈಕೋರ್ಟಿನ ಎರಡನೇ ಹಂತದ ಸಿವಿಲ್ ಅಪೀಲು) ಅಡ್ಮಿಶನ್ ಹೇಗೆ ವಾದ ಮಾಡ್ತಾರೆ ಅಂತ ಕೇಳಿಸ್ಕೊಳ್ಳಿ. ಇನ್ನೊಂದು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸೀನಿಯರ್ ಪದನಾಮಕ್ಕೆ ಇದ್ದ ಅಂಕದ ಪದ್ಧತಿ ತೆಗೆದುಹಾಕಿ ಹೊಸ ನಿಯಮ ಮಾಡಿ ಅಂತ ಹೈಕೋರ್ಟ್‌ಗಳಿಗೆ ಹೇಳುವಾಗ, ಟ್ರಯಲ್ ಕೋರ್ಟ್, ಜಿಲ್ಲಾ ಕೋರ್ಟ್ ವಕೀಲರನ್ನೂ ಪರಿಗಣಿಸಬೇಕು, ಅವರ ಪಾತ್ರ ಯಾರಿಗೂ ಕಡಿಮೆ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಜಿಲ್ಲೇಲಿ ಇದ್ರೆ ಮೇಲೆ ಬರೋಕಾಗಲ್ಲ ಅನ್ನೋ ಮಾತು ಇನ್ಮೇಲೆ ಹಳೇದಾಗ್ಲಿ.

ಇದಕ್ಕೆಲ್ಲ ದಾಖಲೆ ಬೇಕು. ಒಂದು ರಿಜಿಸ್ಟರ್ ಇಡಿ, ಕೇಸ್ ನಂಬರ್, ಕೋರ್ಟ್, ಕಾನೂನಿನ ಪ್ರಶ್ನೆ ಏನು, ನೀವು ಮಾಡಿದ್ದೇನು, ಚೀಫಾ (ಸಾಕ್ಷಿಯ ಮುಖ್ಯ ವಿಚಾರಣೆ) ಕ್ರಾಸಾ ವಾದಾನಾ, ತೀರ್ಪಿನ ಪ್ರತಿ ಎಲ್ಲಿದೆ. ಆರ್ಡರ್ ಶೀಟಲ್ಲಿ ನಿಮ್ಮ ಹೆಸರು ಬಂತಾ ಅಂತ ಆವತ್ತೇ ನೋಡಿ, ಬರ್ದೇ ಇದ್ರೆ ಬೆಂಚ್ ಕ್ಲರ್ಕ್‌ಗೆ ಹೇಳಿ ಸೇರಿಸಿ. ಆದಾಯ ತೆರಿಗೆ ರಿಟರ್ನ್ಸ್ ಪ್ರತಿ ವರ್ಷ ಹಾಕಿ. ಹೈಕೋರ್ಟ್ ಜಡ್ಜ್ ಹುದ್ದೆಗೆ ಹೆಸರು ಪರಿಗಣಿಸುವಾಗ ತೀರ್ಪುಗಳ ವಿವರದ ಜೊತೆ ವೃತ್ತಿ ಆದಾಯದ ವಿವರಾನೂ ಕೇಳ್ತಾರೆ. ಫೀ ಕೇಳೋಕೆ ನಾಚಿಕೆ ಪಟ್ಕೊಂಡು, "ಪಾಪ ನಮ್ಮ ಹೆಣ್ಣುಮಗಳು" ಅಂತ ಬಿಟ್ಟು ಬಿಟ್ಟು ವರ್ಷದ ಕೊನೆಗೆ ಕೈಯಲ್ಲಿ ಏನೂ ಇಲ್ಲ ಅಂತ ಆದ್ರೆ ಅದು ನಿಮ್ಮ ಮನೆಗೂ ಕಷ್ಟ, ನಾಳಿನ ಅರ್ಹತೆಗೂ ಕಷ್ಟ. ನಿಜವಾಗಿ ಕೊಡೋಕಾಗದ ಹೆಣ್ಣುಮಗಳಿಗೆ ಕಾನೂನು ಸೇವಾ ಪ್ರಾಧಿಕಾರ ಇದೆ, ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿನೇ ಇಲ್ಲ, ಅಲ್ಲಿಗೆ ಕಳಿಸಿ, ಅದೇ ಪ್ಯಾನೆಲಲ್ಲಿ ಬೇಕಾದ್ರೆ ನೀವೇ ಇರಿ. ಉಳಿದವರಿಗೆ ಫೀ ಎಷ್ಟು, ಯಾವ ಹಂತಕ್ಕೆ ಎಷ್ಟು ಅಂತ ಬರೆದು ಕೊಡಿ.

ಈಗ ಖಜಾಂಚಿ ವಿಷಯ. ಹಿನ್ನೆಲೆ ಗೊತ್ತಿರ್ಲಿ, ಯಾರಾದ್ರೂ "ಏನೋ ದಯೆಯಿಂದ ಕೊಟ್ಟಿದ್ದು" ಅಂದ್ರೆ ಉತ್ತರ ಕೊಡೋಕೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮೊದಲು ತನ್ನದೇ ಬಾರ್ ಅಸೋಸಿಯೇಶನ್‌ಗೆ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಕೊಡಿ ಅಂತು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನ, ಜೊತೆಗೆ ಆಡಳಿತ ಸಮಿತೀಲಿ ಶೇಕಡ 30 ಮಹಿಳೆಯರಿಗೆ ಅಂತ ಬಂತು, ಅದೇ ವರ್ಷ ಮಾರ್ಚ್‌ನಲ್ಲಿ ರಾಜ್ಯದ ಜಿಲ್ಲಾ ವಕೀಲರ ಸಂಘಗಳಿಗೂ ಅದು ವಿಸ್ತರಣೆ ಆಯ್ತು. ಡಿಸೆಂಬರ್‌ನಲ್ಲಿ ರಾಜ್ಯ ಬಾರ್ ಕೌನ್ಸಿಲ್‌ಗಳಲ್ಲೂ ಶೇಕಡ 30 ಇರ್ಬೇಕು, ಈ ಸಲಕ್ಕೆ 20 ಚುನಾವಣೆಯಿಂದ, 10 ಕೋ-ಆಪ್ಟ್ ಮಾಡ್ಕೊಂಡು (ಚುನಾವಣೆ ಇಲ್ಲದೆ ಸೇರಿಸ್ಕೊಂಡು) ಅಂತ ಹೇಳಿತು. ಇದೆಲ್ಲಾ ಹೆಣ್ಣುಮಕ್ಕಳು ಅರ್ಜಿ ಹಾಕಿ, ಓಡಾಡಿ, ವಾದ ಮಾಡಿ ತಂದಿದ್ದು. ಮಹಿಳೆಯರು ವಕೀಲರಾಗಬಹುದು ಅಂತ ಕಾಯ್ದೆ ಬಂದಿದ್ದು 1923ರಲ್ಲಿ, ಅಲ್ಲಿಂದ ಇಲ್ಲಿಗೆ ಬರೋಕೆ ನೂರು ವರ್ಷ ಹಿಡೀತು.

ನಿಮ್ಮನ್ನ ನಿಲ್ಲಿ ಅಂತ ಬಲವಂತ ಮಾಡ್ತಿರೋರು ಯಾಕೆ ಮಾಡ್ತಿದಾರೆ ಅಂತ ಮಾತ್ರ ಯೋಚಿಸಿ. ಯಾವುದೋ ಗುಂಪಿಗೆ ಒಂದು ಹೆಣ್ಣು ಹೆಸರು ಬೇಕಾಗಿದ್ದು, ಗೆದ್ದ ಮೇಲೆ "ಮೇಡಂ ಇಲ್ಲೊಂದು ಸೈನ್ ಹಾಕಿ" ಅಂತ ಚೆಕ್ ತರೋ ಲೆಕ್ಕ ಇದ್ರೆ ನಿಮ್ಮ ಸನ್ನದಿಗೇ ಅಪಾಯ. ಪಂಚಾಯ್ತಿಲಿ ಇದನ್ನ ನಾವೆಲ್ಲ ನೋಡಿದೀವಿ. ನಮ್ಮ ರಾಜ್ಯದಲ್ಲಿ 1983ರ ಕಾಯ್ದೆ ಪ್ರಕಾರ 1987ರಲ್ಲಿ ಚುನಾವಣೆ ಆಗಿ ಶೇಕಡ 25 ಸ್ಥಾನ ಮಹಿಳೆಯರಿಗೆ ಸಿಕ್ಕಾಗ, ಸದಸ್ಯೆ ಇವಳು, ಮೀಟಿಂಗಲ್ಲಿ ಕೂರೋದು ಗಂಡ ಅನ್ನೋ ಕಥೆ ಎಷ್ಟು ಊರಲ್ಲಿ! ಆದ್ರೆ ಹಾಗೆ ಬಂದ ಎಷ್ಟೋ ಹೆಂಗಸರು ಒಂದೇ ಅವಧೀಲಿ ಕಡತ ಓದೋದು ಕಲ್ತು ಗಟ್ಟಿಯಾದ್ರು, ಅದನ್ನೂ ನೋಡಿದೀವಿ. ನೀವು ಕಾನೂನು ಓದಿದವರು, ನಿಮಗೆ ಕಲಿಯೋಕೆ ಒಂದು ಅವಧಿ ಬೇಕಾಗಿಲ್ಲ. ಅಧಿಕಾರ ತಗೊಂಡ ದಿನವೇ ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ಆಡಿಟ್ ವರದಿ, ವೆಲ್‌ಫೇರ್ (ವಕೀಲರ ಕಲ್ಯಾಣ ನಿಧಿ) ಸ್ಟಾಂಪಿನ ಲೆಕ್ಕ, ಠೇವಣಿ ರಸೀತಿ ಎಲ್ಲಾ ಪಟ್ಟಿ ಮಾಡಿ ಬರಹದಲ್ಲಿ ತಗೊಳ್ಳಿ. ಬಿಲ್ ಇಲ್ಲದೆ ಚೆಕ್ ಇಲ್ಲ, ಖಾಲಿ ಚೆಕ್‌ಗೆ ಸಹಿ ಇಲ್ಲ, ಯಾರು ಬೇಜಾರು ಮಾಡ್ಕೊಂಡ್ರೂ ಇಲ್ಲ. ಪ್ರತಿ ತಿಂಗಳು ಜಮಾ ಖರ್ಚು ನೋಟಿಸ್ ಬೋರ್ಡಿಗೆ ಹಾಕಿ. ಇಷ್ಟು ಮಾಡಿದ್ರೇ ಸಾಕು, ಮುಂದಿನ ಸಲ ಕಾರ್ಯದರ್ಶಿ ಸ್ಥಾನಕ್ಕೆ ಮೀಸಲಾತಿ ಇಲ್ಲದೆ ನಿಂತು ಗೆಲ್ತೀರ.

ಅಷ್ಟೇ ಅಲ್ಲ, ದುಡ್ಡು ಕೈಯಲ್ಲಿದ್ರೆ ಕೆಲಸ ಆಗತ್ತೆ. ನಿಮ್ಮ ಕೋರ್ಟ್ ಆವರಣದಲ್ಲಿ ಮಹಿಳಾ ವಕೀಲರಿಗೆ ಬಾಗಿಲು ಚಿಲಕ ಸರಿ ಇರೋ, ನೀರು ಬರೋ ಶೌಚಾಲಯ ಇದೆಯಾ? ಮಗುವಿಗೆ ಹಾಲು ಕುಡಿಸೋಕೆ ಒಂದು ಕೋಣೆ ಇದೆಯಾ? 2025ರ ಜನವರಿಯಲ್ಲಿ ರಾಜೀವ್ ಕಲಿತಾ ಕೇಸಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಕೋರ್ಟ್, ಟ್ರಿಬ್ಯೂನಲ್‌ಗಳಲ್ಲಿ ಪುರುಷರು, ಮಹಿಳೆಯರು, ಅಂಗವಿಕಲರು, ಟ್ರಾನ್ಸ್‌ಜೆಂಡರ್ ಜನರಿಗೆ ಪ್ರತ್ಯೇಕ ಶೌಚಾಲಯ ಇರ್ಲೇಬೇಕು ಅಂತ ಆದೇಶ ಮಾಡಿದೆ. ಆ ತೀರ್ಪು ಲಗತ್ತಿಸಿ ಸಂಘದ ಲೆಟರ್‌ಹೆಡ್ಡಲ್ಲಿ ಜಿಲ್ಲಾ ನ್ಯಾಯಾಧೀಶರಿಗೆ ಪತ್ರ ಬರೀರಿ, ಪದಾಧಿಕಾರಿ ಬರೆದ ಪತ್ರಕ್ಕೆ ಬೇರೆಯೇ ತೂಕ ಇರತ್ತೆ. ಲಾ ಕಾಲೇಜಿಂದ ಬಂದು ಎರಡೇ ವರ್ಷಕ್ಕೆ ಕೋಟು ಕಳಚಿಟ್ಟು ಮನೇಲಿ ಕೂತ ಹುಡುಗಿಯರ ಜೊತೆ ಮಾತಾಡಿ ನೋಡಿ, ಈ ಶೌಚಾಲಯ, ಈ ಕೋಣೆ, ಕೈಗೆ ಬರೋ ಬಿಡಿಗಾಸು, ಇವೇ ಕಾರಣ ಹೇಳ್ತಾರೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಸ್ಟೈಪೆಂಡ್ ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ, ಅದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ, ಆದ್ರೂ ಸಂಘದ ಸಭೇಲಿ ಅದನ್ನ ಓದಿ ಹೇಳೋರು ಒಬ್ಬರು ಬೇಕು.

ಮಗು, ಮನೆ, ಸಂಘ, ಕೋರ್ಟ್ ಎಲ್ಲಾ ಹೇಗೆ ಅಂತೀರ. ಎಲ್ಲಾ ಮಾಡಿ ತೋರಿಸ್ಬೇಕು ಅಂತ ಹೊರಡಬೇಡಿ. ಯಜಮಾನ್ರು ಎಕ್ಸಾಂ ಬರಿ ಅಂತ ಹೇಳೋರು ಅಂದ್ರೆ ನಿಮ್ಮ ಬೆಳವಣಿಗೆ ಬೇಕು ಅನ್ನೋರು, ಹಾಗಾದ್ರೆ ವಾರದಲ್ಲಿ ಎರಡು ಸಂಜೆ ಮಗು ಅವರ ಜವಾಬ್ದಾರಿ ಅಂತ ಮಾತಾಡ್ಕೊಳ್ಳಿ, ಆ ಎರಡು ಸಂಜೆ ಕಟ್ಟುನಿಟ್ಟಾಗಿ ನಿಮ್ಮದು. ಸಂಘದ ಮೀಟಿಂಗ್ ರಾತ್ರಿ ಏಳಕ್ಕೆ ಇಡ್ತಾರೆ, ಹೆಣ್ಣುಮಕ್ಕಳು ಬರಲ್ಲ, ಆಮೇಲೆ "ಇವರಿಗೆ ಆಸಕ್ತಿ ಇಲ್ಲ" ಅಂತಾರೆ, ಪದಾಧಿಕಾರಿ ಆದ ಮೇಲೆ ಮಧ್ಯಾಹ್ನದ ಊಟದ ಬಿಡುವಲ್ಲಿ ಮೀಟಿಂಗ್ ಇಡಿ ಅಂತ ಠರಾವು ಮಾಡಿಸಿ. ನಂಬಿಕೆ ಇರೋ ಇನ್ನೊಬ್ಬ ವಕೀಲೆ ಜೊತೆ ಒಪ್ಪಂದ ಮಾಡ್ಕೊಳ್ಳಿ, ಮಗುವಿಗೆ ಜ್ವರ ಬಂದ ದಿನ ನಿಮ್ಮ ಡೇಟ್ ಅವಳು ನೋಡ್ತಾಳೆ, ಅವಳ ಡೇಟ್ ನೀವು, ಎರಡೂ ವಕಾಲತ್ತಲ್ಲಿ ಇಬ್ಬರ ಹೆಸರೂ ಇರ್ಲಿ. ಬಿಡುವು ತಗೊಂಡ್ರೂ ಹೆಸರು ಫೈಲಿಂದ ಅಳಿಸ್ಬೇಡಿ, ಬೇರೆ ವಕೀಲರು ನಡೆಸಲಿ ಅಂತ ಒಂದು ಸಲ ನೋ ಅಬ್ಜೆಕ್ಷನ್ ಕೊಟ್ಟು ಹೋದ ಕೇಸು ವಾಪಸ್ ಬರಲ್ಲ.

ನ್ಯಾಯಮೂರ್ತಿ ಬಿ.ವಿ. ನಾಗರತ್ನ 1987ರಲ್ಲಿ ಬೆಂಗಳೂರಲ್ಲಿ ವಕೀಲಿಕೆ ಶುರು ಮಾಡಿದವರು, ಈಗಿನ ಹಿರಿತನದ ಲೆಕ್ಕ ಹೀಗೇ ಹೋದ್ರೆ 2027ರ ಸೆಪ್ಟೆಂಬರ್‌ನಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಆಗ್ತಾರೆ. ಅವಧಿ ತಿಂಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ತಡವಾಗಿ ಹೆಸರು ಬಂದ್ರೆ ಆಗೋದು ಇದು, ಮೇಲೆ ಮುಟ್ಟೋ ಹೊತ್ತಿಗೆ ಸಮಯವೇ ಉಳಿದಿರಲ್ಲ. ಅದಕ್ಕೇ ನಿಮಗೆ ಈಗ್ಲೇ, ಈ ವರ್ಷವೇ ಅಂತ ಇಷ್ಟು ಒತ್ತಾಯ ಮಾಡ್ತಿರೋದು.

ನಾಮಿನೇಶನ್ ಹಾಕೋ ಮುಂಚೆ ನಿಮ್ಮ ಸಂಘದ ಬೈಲಾ ಪ್ರತಿ ಒಂದು ತರಿಸ್ಕೊಂಡು ಪೂರ್ತಿ ಓದಿ. ಕೆಲವು ಸಂಘಗಳಲ್ಲಿ ಇಷ್ಟು ವರ್ಷದ ಸದಸ್ಯತ್ವ ಇರ್ಬೇಕು, ಚಂದಾ ಬಾಕಿ ಇರಬಾರದು ಅಂತ ಇರತ್ತೆ, ಅದೇ ನೆಪದಲ್ಲಿ ಸ್ಕ್ರೂಟಿನಿ ದಿನ ಅರ್ಜಿ ತಳ್ಳಿಹಾಕ್ತಾರೆ. ಬಾಕಿ ಇದ್ರೆ ನಾಳೇನೇ ಕಟ್ಟಿ ರಸೀತಿ ತಗೊಳ್ಳಿ, ಸೂಚಕರು ಅನುಮೋದಕರಲ್ಲಿ ಒಬ್ಬರಾದ್ರೂ ಯಾವ ಗುಂಪಿಗೂ ಸೇರದ ಹಿರಿಯರು ಇರ್ಲಿ. ಸೀನಿಯರ್ ಹತ್ರ ವಕಾಲತ್ತಿನ ಮಾತು ನಾಮಿನೇಶನ್‌ಗೆ ಮುಂಚೆನೇ ಆಡಿ ಮುಗಿಸಿ, ಆಮೇಲೆ ಆಡಿದ್ರೆ ಚುನಾವಣೆ ಗಾಳಿಯಲ್ಲಿ ಮಾತಾಡ್ತಿದಾಳೆ ಅಂದ್ಕೋತಾರೆ.